ಸಂಬಳ ಅವಳದು, ವಿಳಾಸ ಯಾರದು?

2022ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದ ಒಂದಷ್ಟು ಯುವಕರು ಮದುಮಗನ ವೇಷ ತೊಟ್ಟು, ಕುದುರೆ ಏರಿ, ಬ್ಯಾಂಡು ಬಾರಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು. ಮದುವೆಗೆ ಹೆಣ್ಣು ಸಿಗುತ್ತಿಲ್ಲ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಿ ಎಂಬುದು ಅವರ ಅಹವಾಲು. ಎರಡು ತಿಂಗಳ ನಂತರ ನಮ್ಮ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವ ರೈತರು ಮಲೆಮಹದೇಶ್ವರ ಬೆಟ್ಟಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಹೋಗಿ ಹರಕೆ ಒಪ್ಪಿಸಿದರು. ಅವರ ನೋವು ನಿಜವಾದದ್ದು. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಮಹಾರಾಷ್ಟ್ರದಲ್ಲಿ 894 ಹೆಣ್ಣುಮಕ್ಕಳಿದ್ದರು. ಬೀಡ್ ಜಿಲ್ಲೆಯಲ್ಲಿ ಬರೀ 807. ಆದರೆ ಕರ್ನಾಟಕದಲ್ಲಿ ಈ ಸಂಖ್ಯೆ 948 ಇತ್ತು. ಆದರೂ ಇಲ್ಲಿನ ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂದರೆ, ತಲೆಯೆಣಿಕೆಯ ಕೊರತೆಯ ಜೊತೆಗೆ ಇನ್ನೊಂದು ಕಾರಣವೂ ಇದೆ ಎಂದಾಯಿತು. ಹೆಣ್ಣುಮಕ್ಕಳೇ ಹೊಲಮನೆಯ ಸಂಬಂಧ ಬೇಡ ಅನ್ನುತ್ತಿದ್ದಾರೆ. ಹಾಗಾದರೆ ಅವರಿಗೆ ಬೇಕಾದದ್ದು ಎಲ್ಲಿದೆ ಎಂದು ಆ ಮೆರವಣಿಗೆಯಲ್ಲಿ ಯಾರೂ ಕೇಳಲಿಲ್ಲ.

ಅದು ಸಿಗುವ ಒಂದು ಜಾಗ ರಾಂಜಣಗಾಂವ. ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್, ಶಿರೂರು ತಾಲ್ಲೂಕು. ಭಕ್ತರಿಗೆ ಅದು ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದು; ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಶಿವನೇ ಇಲ್ಲಿ ಗಣಪತಿಯನ್ನು ಪೂಜಿಸಿದನೆಂಬ ಐತಿಹ್ಯವಿದೆ. ಮಹಾಗಣಪತಿಗೆ ಗರ್ಭಗುಡಿ ಕಟ್ಟಿಸಿದವನು ಮಾಧವರಾವ್ ಪೇಶ್ವೆ. ಕೆಲಸ ಹುಡುಕುವವರಿಗೆ ಮಾತ್ರ ರಾಂಜಣಗಾಂವ ಅಂದರೆ ಎಂಐಡಿಸಿ ಕೈಗಾರಿಕಾ ಪ್ರದೇಶ. ಎಲ್‌ಜಿ, ವರ್ಲ್‌ಪೂಲ್, ಹೈಯರ್, ಫಿಯಟ್ ಎಲ್ಲವೂ ಅಲ್ಲಿವೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಲಿಗೆ ಸುಮಾರು 297 ಎಕರೆಯ ಎಲೆಕ್ಟ್ರಾನಿಕ್ಸ್ ಕ್ಲಸ್ಟರನ್ನೂ ಘೋಷಿಸಿತು. ಫ್ರಿಜ್ಜು, ಟಿವಿ, ವಾಷಿಂಗ್ ಮಷೀನು ಜೋಡಿಸುವ ಇಂಥ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುವುದು ದೇಶದಾದ್ಯಂತ ಹೆಚ್ಚುತ್ತಿದೆ. ಸುತ್ತಲಿನ ಕಾರೇಗಾಂವದಂಥ ಹಳ್ಳಿಗಳಲ್ಲಿ ಜೋಳ ಬೆಳೆಯುತ್ತಿದ್ದವರು ಈಗ ಸಾಲು ಖೋಲಿ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಪುಣೆಯ ಮಾತಿನಲ್ಲಿ ಹೇಳುವುದಾದರೆ ‘ಕಾಟ್ ಬೇಸಿಸ್’: ಕೋಣೆಯಲ್ಲ, ಒಂದು ಮಂಚದ ಬಾಡಿಗೆ.

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರಿಗೆ ಪುಣೆಗೆ ಗುಳೆ ಹೋಗುವುದು ಹೊಸದಲ್ಲ. ಆ ಕಡೆ ಜತ್ತ, ಅಕ್ಕಲಕೋಟೆಯ ಕನ್ನಡದವರಿಗಂತೂ ಪುಣೆಯೇ ದೊಡ್ಡ ಊರು. ಹೊಸದೇನೆಂದರೆ ಗಂಡ-ಹೆಂಡತಿ ಬುಟ್ಟಿ ಸಲಿಕೆ ಹಿಡಿದು ಹೋಗುತ್ತಿದ್ದ ದಾರಿಯಲ್ಲಿ ಈಗ ಪಿಯುಸಿಯೋ ಐಟಿಐಯೋ ಮುಗಿಸಿದ ಹುಡುಗಿ ಗೆಳತಿಯ ಜೊತೆ ಹೋಗುತ್ತಾಳೆ. ಅಥವಾ ‘ವರ ಪುಣ್ಯಾದಾಗ ಕಂಪನಿಯೊಳಗ ಅದಾನ’ ಎಂಬ ಬಯೋಡೇಟಾ ನೋಡಿ ಮದುವೆಯಾಗಿ ಹೋಗುತ್ತಾಳೆ. ಇವು ಬೇರೆ ಬೇರೆ ದಾರಿಗಳೆಂದು ನಾವು ತಿಳಿಯುತ್ತೇವೆ. ಸರ್ಕಾರದ ಲೆಕ್ಕವೂ ಹಾಗೇ ಹೇಳುತ್ತದೆ. 2020-21ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ಊರು ಬಿಟ್ಟ ಹೆಂಗಸರಲ್ಲಿ ಶೇಕಡಾ 86.8ರಷ್ಟು ಮಂದಿ ಕಾರಣ ಕೊಟ್ಟದ್ದು ಮದುವೆ. ಉದ್ಯೋಗ ಎಂದವರು ತೀರಾ ಕಡಿಮೆ. ಆದರೆ ಸಮೀಕ್ಷೆಯವರು ಬರೆದುಕೊಳ್ಳುವುದು ಒಂದೇ ಮುಖ್ಯ ಕಾರಣವನ್ನು. ಮಳೆ ನಂಬಿದ ಎರಡೆಕರೆಯ ಹುಡುಗನನ್ನು ಬಿಟ್ಟು, ಹನ್ನೆರಡನೆಯ ದಿನಕ್ಕೆ ತಾನೂ ಶಿಫ್ಟಿಗೆ ಹೋಗಬಹುದೆಂಬ ಲೆಕ್ಕಾಚಾರದಲ್ಲಿ ಕಾರೇಗಾಂವದ ಹುಡುಗನನ್ನು ಒಪ್ಪಿದವಳ ಕಾರಣ ಮದುವೆಯೋ, ಉದ್ಯೋಗವೋ? ಮೂರು ವರ್ಷ ದುಡಿದು, ಲೈನಿನಲ್ಲೇ ಪರಿಚಯವಾದವನನ್ನು ಮದುವೆಯಾದವಳನ್ನು ಯಾವ ಕಲಮಿಗೆ ಹಾಕಬೇಕು?

ಈ ಗೋಜಲು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಪಶ್ಚಿಮದ ಬಯಲುಗಳಿಗೆ ಹೋದ ಹೆಂಗಸರ ಚರಿತ್ರೆ ಇದನ್ನೇ ಹೇಳುತ್ತದೆ. 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಸರ್ಕಾರಿ ಜಮೀನನ್ನು, ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ ಕೊಡುತ್ತಿತ್ತು. (ಅದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಎಂಬುದನ್ನು ಮರೆಯಬಾರದು.) 21 ತುಂಬಿದ ಒಂಟಿ ಹೆಣ್ಣು, ವಿಧವೆ, ಗಂಡ ಬಿಟ್ಟವಳು ಅರ್ಜಿ ಹಾಕಬಹುದಿತ್ತು. ಗಂಡನೊಡನೆ ಇರುವ ಹೆಂಡತಿ ಹಾಕುವಂತಿರಲಿಲ್ಲ; ಮನೆಯ ಯಜಮಾನ ಗಂಡ ತಾನೆ! ಡೆನ್ವರ್‌ನಲ್ಲಿ ಬಟ್ಟೆ ಒಗೆದು ಮಗಳನ್ನು ಸಾಕುತ್ತಿದ್ದ ಎಲಿನೋರ್ ಪ್ರೂಯಿಟ್ ಎಂಬಾಕೆ 1909ರಲ್ಲಿ ವಯೋಮಿಂಗ್‌ಗೆ ಮನೆಗೆಲಸಕ್ಕೆ ಹೋದಳು. ತನ್ನ ಹೆಸರಲ್ಲಿ ಜಮೀನಿಗೆ ಅರ್ಜಿ ಹಾಕಿದಳು, ಕೆಲವೇ ದಿನಗಳಲ್ಲಿ ಒಡೆಯನನ್ನೇ ಮದುವೆಯಾದಳು. ಒಗೆಯುವ ಕೆಲಸ ಬಿಟ್ಟು ಜಮೀನು ಮಾಡಿ ಎಂದು ಹೆಂಗಸರಿಗೆ ಹುರುಪು ತುಂಬುವ ಅವಳ ಪತ್ರಗಳು 1914ರಲ್ಲಿ ಪುಸ್ತಕವಾಗಿ ಹೆಸರು ಮಾಡಿದವು. ಆದರೆ ಅವಳ ಜಮೀನು? ಅದನ್ನು ಅವಳು 1912ರಲ್ಲೇ ಅತ್ತೆಯ ಹೆಸರಿಗೆ ಬಿಟ್ಟುಕೊಟ್ಟಿದ್ದಳು. ಪುಸ್ತಕದಲ್ಲಿ ಆ ಮಾತು ಬರುವುದಿಲ್ಲ. ಅವಳ ಹುರುಪು ಸುಳ್ಳೆಂದು ನಾನು ಹೇಳಲಾರೆ. ಕಾಗದದಲ್ಲಿ ಮಾತ್ರ ಅವಳಿಗೇನೂ ಉಳಿಯಲಿಲ್ಲ.

ರಾಂಜಣಗಾಂವಕ್ಕೆ ಬರೋಣ. ಹೋಗುವುದೇ ಸರಿ ಅನ್ನುವವರ ಮಾತನ್ನು ಮೊದಲು ಕೇಳಬೇಕು, ಯಾಕೆಂದರೆ ಅದು ಹೋದವರದೇ ಮಾತು. ತಿಂಗಳಿಗೊಮ್ಮೆ ತನ್ನ ಖಾತೆಗೆ ಬೀಳುವ ದುಡ್ಡು ಹುಡುಗಿಯ ಮನೆಯಲ್ಲಿ ಅವಳ ಮಾತಿನ ತೂಕವನ್ನೇ ಬದಲಿಸುತ್ತದೆ. ‘ಇನ್ನೊಂದ್ ವರ್ಷ ತಡಿಬೇ ಅವ್ವಾ, ತಮ್ಮನ ಫೀಸ್ ಕಟ್ಟಿ ಮುಗೀಲಿ’ ಎಂದು ಫೋನಿನಲ್ಲಿ ಹೇಳಿದರೆ ಮದುವೆ ಒಂದು ವರ್ಷ ಮುಂದೆ ಹೋಗುತ್ತದೆ. ಹದಿನೆಂಟಕ್ಕೂ ಇಪ್ಪತ್ತೆರಡಕ್ಕೂ ನಡುವಿನ ಆ ನಾಲ್ಕು ವರ್ಷ ಹೆಣ್ಣಿನ ದೇಹಕ್ಕೆ, ಓದಿಗೆ, ಧೈರ್ಯಕ್ಕೆ ಎಷ್ಟು ದೊಡ್ಡದೆಂದು ನಮ್ಮ ತಾಯಂದಿರಿಗೆ ಗೊತ್ತು. ವರ ಬೇಡ ಅನ್ನಬಲ್ಲವಳಾಗುವುದು ಸಣ್ಣ ಸಂಗತಿಯಲ್ಲ.

ಇದರ ಬೆಲೆ ತಿಳಿಯಬೇಕಾದರೆ ಅದೇ ಶಿರೂರು-ದೌಂಡ ಸೀಮೆಯ ಕಬ್ಬಿನ ಗದ್ದೆಗಳನ್ನು ನೋಡಬೇಕು. ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವವರನ್ನು ಮುಕಾದಮರು, ಅಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರರು, ಎಣಿಸುವುದು ‘ಕೊಯ್ತಾ’ ಲೆಕ್ಕದಲ್ಲಿ. ಒಂದು ಕೊಯ್ತಾ ಎಂದರೆ ಗಂಡ ಮತ್ತು ಹೆಂಡತಿಯ ಜೋಡಿ. ಉಚಲ್, ಅಂದರೆ ಮುಂಗಡ, ಸಿಗುವುದು ಜೋಡಿಗೆ. ಹಾಗಾಗಿ ಹುಡುಗನಿಗೆ ಬೇಗ ಹೆಂಡತಿ ಬೇಕು, ಹುಡುಗಿಗೆ ಬೇಗ ಮದುವೆಯಾಗಬೇಕು. ಅವಳ ದುಡಿಮೆ ಗಂಡನ ಮುಂಗಡದೊಳಗೇ ಕರಗುತ್ತದೆ. ಬೀಡ್‌ನ ಕಬ್ಬು ಕಡಿಯುವ ಹೆಂಗಸರ ಬಗ್ಗೆ 2019ರಲ್ಲಿ ನೀಲಂ ಗೋರ್ಹೆ ಅವರ ಸಮಿತಿ ಸಮೀಕ್ಷೆ ಮಾಡಿಸಿದಾಗ 82,309 ಮಂದಿಯಲ್ಲಿ 13,861 ಮಂದಿಯ ಗರ್ಭಕೋಶ ತೆಗೆಸಲಾಗಿತ್ತು. ಈ ಗದ್ದೆಯಿಂದ ಕಂಪನಿಯ ಗೇಟಿಗೆ ಬಂದ ಹುಡುಗಿಗೆ ‘ನೀನು ಶೋಷಣೆಗೆ ಒಳಗಾಗಿದ್ದೀಯ’ ಎಂದು ಹೊರಗಿನಿಂದ ನಿಂತು ಹೇಳುವವರು ಒಂದು ಗಳಿಗೆ ಬಾಯಿ ಮುಚ್ಚಿಕೊಳ್ಳುವುದು ಒಳ್ಳೆಯದು.

ಆದರೂ ಇನ್ನೊಂದು ಕಡೆಯ ಮಾತು ಹಗುರವಲ್ಲ. ಇಂಥ ಕೈಗಾರಿಕಾ ಪ್ರದೇಶಗಳಲ್ಲಿ ಬಹುಪಾಲು ಹುಡುಗಿಯರು ಕಂಪನಿಯ ನೌಕರರಲ್ಲ. ಕಂತ್ರಾಟುದಾರನ ಆಳುಗಳು ಇಲ್ಲವೇ ಟ್ರೈನಿಗಳು. 2013ರಲ್ಲಿ ಬಂದ ‘ನೀಮ್’ ಯೋಜನೆ ಕಲಿಸುವ ಹೆಸರಿನಲ್ಲಿ ಶುರುವಾಯಿತು. ಪುಣೆಯ ಸುತ್ತ ಅದು ಅಗ್ಗದ ಕೈಗಳನ್ನು ಒದಗಿಸುವ ದಾರಿಯಾಯಿತೆಂದು ಕಾರ್ಮಿಕ ಸಂಘಗಳು ದೂರುತ್ತಲೇ ಬಂದವು. ಕೆಲವು ತಿಂಗಳಾದ ಮೇಲೆ ‘ಬ್ರೇಕ್’ ಕೊಡುತ್ತಾರೆ. ಮತ್ತೆ ಹೊಸ ಕಂತ್ರಾಟುದಾರ, ಹೊಸ ಗೇಟ್ ಪಾಸು. ರಾತ್ರಿ ಪಾಳಿಯ ವಿಷಯದಲ್ಲೂ ಎರಡು ಮುಖವಿದೆ. 1948ರ ಕಾರ್ಖಾನೆ ಕಾಯ್ದೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರ ದುಡಿಮೆಯನ್ನು ತಡೆದಿತ್ತು. ಮಹಾರಾಷ್ಟ್ರ 2015ರಲ್ಲಿ ಅದನ್ನು ಸಡಿಲಿಸಿತು; 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಒಪ್ಪಿಗೆ ಇದ್ದರೆ ರಾತ್ರಿ ದುಡಿಯಬಹುದು ಎನ್ನುತ್ತವೆ. ತಡೆ ಹೋದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನಾಳೆ ಬ್ರೇಕ್ ಸಿಗಬಹುದಾದವಳ ಒಪ್ಪಿಗೆಗೆ ಎಷ್ಟು ಅರ್ಥ?

ಮದುವೆಯೇ ಕೆಲಸಕ್ಕೆ ಅಡ್ಡಿಯಾಗುವುದೂ ಉಂಟು. ತಮಿಳುನಾಡಿನ ಐಫೋನ್ ಕಾರ್ಖಾನೆಯೊಂದರಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವೆಂದು 2024ರ ಜೂನ್‌ನಲ್ಲಿ ರಾಯ್ಟರ್ಸ್ ವರದಿ ಮಾಡಿದಾಗ ಕೇಂದ್ರ ಕಾರ್ಮಿಕ ಸಚಿವಾಲಯ ಅಲ್ಲಿನ ಸರ್ಕಾರದಿಂದ ವಿವರ ಕೇಳಿತು. ಕಬ್ಬಿನ ಗದ್ದೆಗೆ ಮದುವೆಯಾದವಳೇ ಬೇಕು. ಇಂಥ ಕಡೆ ಮದುವೆಯಾಗದವಳೇ ಬೇಕು. ಎರಡು ಕಡೆಯೂ ಅವಳ ಮದುವೆಯ ಕಾಲ ಬೇರೆಯವರ ಲಾಭಕ್ಕೆ ಹೊಂದಬೇಕು. ಇನ್ನು ದುಡಿದ ದುಡ್ಡು ಬಹಳ ಸಲ ಅವಳದೇ ಬಂಗಾರ, ಅವಳದೇ ವರದಕ್ಷಿಣೆಯಾಗಿ ಗಂಡನ ಮನೆಗೆ ಹೋಗುತ್ತದೆ. ತನ್ನ ಮದುವೆಯ ಖರ್ಚನ್ನು ತಾನೇ ಹೊತ್ತವಳನ್ನು ಊರು ‘ಶ್ಯಾಣ್ಯಾ ಹುಡುಗಿ’ ಎಂದು ಹೊಗಳುತ್ತದೆ. ನನಗೆ ಅದು ಹೊಗಳಿಕೆಯಾಗಿ ಕೇಳಿಸುವುದಿಲ್ಲ.

ಸರ್ಕಾರಗಳ ಕಾಗದದಲ್ಲೂ ಅವಳು ಎಲ್ಲಿದ್ದಾಳೆ ನೋಡಿ. ಕರ್ನಾಟಕದ ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ, ಅಂದರೆ ಅವಳ ಅವ್ವನಿಗೆ. 2024ರಲ್ಲಿ ಮಹಾರಾಷ್ಟ್ರ ತಂದ ‘ಲಾಡಕಿ ಬಹೀಣ್’ ಯೋಜನೆಯ 1,500 ರೂಪಾಯಿಗೆ ಆ ರಾಜ್ಯದ ನಿವಾಸಿಯಾಗಿರಬೇಕು. ವಾಸ ಪ್ರಮಾಣಪತ್ರವೋ, ಹದಿನೈದು ವರ್ಷ ಹಳೆಯ ಪಡಿತರ ಚೀಟಿಯೋ, ಅಲ್ಲಿನ ಶಾಲೆಯ ದಾಖಲೆಯೋ ಬೇಕು. ಕಲಬುರಗಿಯಿಂದ ಹೋಗಿ ನಾಲ್ಕು ವರ್ಷ ಅಲ್ಲಿ ಫ್ರಿಜ್ಜು ಜೋಡಿಸಿದವಳ ಬಳಿ ಇವು ಯಾವುವೂ ಇರುವುದಿಲ್ಲ. ಅವಳು ಮಹಾರಾಷ್ಟ್ರದ ಹುಡುಗನನ್ನು ಮದುವೆಯಾದರೆ? ಆಗ ಗಂಡನ ಜನನ ಪತ್ರ ಅಥವಾ ಶಾಲಾ ದಾಖಲೆ ನಡೆಯುತ್ತದೆ ಎಂದು ನಿಯಮವೇ ಹೇಳುತ್ತದೆ. ದುಡಿಮೆಯಿಂದ ಸಿಗದ ವಿಳಾಸ ತಾಳಿಯಿಂದ ಸಿಗುತ್ತದೆ. ವಯೋಮಿಂಗ್‌ನಲ್ಲಿ ಮದುವೆ ಹೆಣ್ಣಿನ ಅರ್ಜಿಯನ್ನು ಅಳಿಸಬಹುದಿತ್ತು. ಇಲ್ಲಿ ಮದುವೆಯಾಗದೆ ಅರ್ಜಿಯೇ ಹುಟ್ಟುವುದಿಲ್ಲ. ನನ್ನ ತಕ್ಕಡಿ ವಾಲುವುದು ಈ ಜಾಗದಲ್ಲಿ. ಹುಡುಗಿಯರು ಮದುವೆಯ ಆಸೆ ಇಟ್ಟುಕೊಂಡು ಹೋಗುವುದರಲ್ಲಿ ತಪ್ಪಿಲ್ಲ, ಸ್ವಾತಂತ್ರ್ಯಕ್ಕೂ ಸಂಸಾರಕ್ಕೂ ಹುಟ್ಟು ವೈರವಿಲ್ಲ. ದುಡಿದವಳ ಹೆಸರಿಗೆ ಏನೂ ನಿಲ್ಲದಂತೆ ನಿಯಮಗಳಿರುವುದು ತಪ್ಪು.

ಹೆಣ್ಣಿಗೆ ಅವಳದೇ ಒಂದು ನೆಲೆ ಬೇಕೆಂಬುದನ್ನು ರಾಂಜಣಗಾಂವದ ಸೀಮೆಯಲ್ಲಿ ಬಹಳ ಹಿಂದೆ ಕಂಡುಕೊಂಡವಳು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅಪ್ಪ-ಅವ್ವನ ಜೊತೆ ದೇಶವೆಲ್ಲ ನಡೆದಳು, ಜಾತಿ ಮೀರಿ ತಾನೇ ಆರಿಸಿದವನನ್ನು 1880ರಲ್ಲಿ ಮದುವೆಯಾದಳು, ಎರಡು ವರ್ಷ ತುಂಬುವ ಮೊದಲೇ ವಿಧವೆಯಾದಳು. 1886ರಿಂದ 1888ರವರೆಗೆ ಅಮೆರಿಕ ಸುತ್ತಿ ಬಂದು ಅಲ್ಲಿನ ಜನಜೀವನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದಳು. ಅದರಲ್ಲಿ ಹೆಂಗಸರ ಸ್ಥಿತಿಗತಿಗೇ ಒಂದು ದೊಡ್ಡ ಅಧ್ಯಾಯ. ಆಮೇಲೆ ಶಿರೂರಿನ ನೆರೆಯ ದೌಂಡ ತಾಲ್ಲೂಕಿನ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿದಳು. ಬರಗಾಲದಲ್ಲಿ ಬದುಕುಳಿದು ಬಂದ ನೂರಾರು ಹುಡುಗಿಯರಿಗೆ ಅಲ್ಲಿ ಓದಿನ ಜೊತೆ ನೇಯ್ಗೆ, ಮುದ್ರಣ, ಬೇಸಾಯ ಕಲಿಸಿದಳು. ಮಗಳು ಮನೋರಮಾ ಕಲಬುರಗಿಯಲ್ಲಿ ಶಾಲೆ ನಡೆಸಿದಳು. ಮುಕ್ತಿ ಸದನದಲ್ಲಿ ಧರ್ಮಪ್ರಚಾರದ ಒತ್ತಡವಿತ್ತೆಂದು, ಕಟ್ಟುನಿಟ್ಟು ಹೆಚ್ಚೆಂದು ಆಕ್ಷೇಪಿಸಿದವರಿದ್ದರು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಆ ಹುಡುಗಿಯರಿಗೆ ಮದುವೆಯಾಗದೆಯೂ ಇರಲು ಒಂದು ಸೂರಿತ್ತು, ಮದುವೆ ಮುರಿದರೆ ಮರಳಲು ಒಂದು ಬಾಗಿಲಿತ್ತು. ಇಂದಿನ ಕಾಟ್ ಬೇಸಿಸ್‌ನಲ್ಲಿ ಅದಿಲ್ಲ. ದುಡಿಯುವ ಮಹಿಳೆಯರಿಗೆ ಉದ್ದಿಮೆಗಳ ಜೊತೆ ಸೇರಿ ವಸತಿಗೃಹ ಕಟ್ಟುವುದಾಗಿ 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಹೇಳಿತು. ಕಟ್ಟುವಾಗ ರಾಂಜಣಗಾಂವದಂಥ ಕಡೆ ಮೊದಲು ಕಟ್ಟಲಿ. ಮದುವೆಯಾದವಳಿಗೂ, ಬಿಟ್ಟುಬಂದವಳಿಗೂ, ಮಗು ಇರುವವಳಿಗೂ ಅಲ್ಲಿ ಜಾಗವಿರಲಿ.

ಅಷ್ಟರವರೆಗೆ ನನ್ನ ತಂಗಿಯ ಮಗಳೊಬ್ಬಳು ಹೋಗಲೋ ಬೇಡವೋ ಎಂದು ಕೇಳಿದರೆ ಹೋಗು ಅಂತಲೇ ಹೇಳುತ್ತೇನೆ. ಜೊತೆಗೆ ಪಿಎಫ್ ವಿಷಯ ತಿಳಿಸಿ ಕಳಿಸುತ್ತೇನೆ. 1952ರ ಪಿಎಫ್ ಯೋಜನೆಯಲ್ಲಿ, ಕೆಲಸ ಬಿಟ್ಟವರು ಪೂರ್ತಿ ಹಣ ತೆಗೆಯಲು ಎರಡು ತಿಂಗಳು ಕಾಯಬೇಕೆಂಬ ನಿಯಮದಿಂದ ಮದುವೆಗೆಂದು ಕೆಲಸ ಬಿಡುವ ಹೆಣ್ಣಿಗೆ ವಿನಾಯಿತಿ ಕೊಟ್ಟಿದ್ದರು; ಉಪಕಾರವೆಂದೇ ಬರೆದಿರಬೇಕು. ಹುಡುಗಿಯರು ಹಾಗೆ ಎಲ್ಲವನ್ನೂ ಬಳಿದು ತಂದು ಚಪ್ಪರಕ್ಕೆ ಸುರಿಯುತ್ತಾರೆ. ನೀನು ತೆಗೆಯಬೇಡ ಮಗಳೇ, ಮದುವೆ ಸಣ್ಣದಾಗಲಿ ಬಿಡು. ಕಂತ್ರಾಟುದಾರ ಬದಲಾದಾಗಲೆಲ್ಲ ಹಳೆಯ ಖಾತೆಯನ್ನು ಹೊಸದಕ್ಕೆ ಸೇರಿಸಿಕೊ. ಆ ಹನ್ನೆರಡು ಅಂಕಿಯ ಯುಎಎನ್ ಸಂಖ್ಯೆ ಕಂಪನಿ ಬದಲಾದರೂ, ಊರು ಬದಲಾದರೂ, ಅಡ್ಡಹೆಸರು ಬದಲಾದರೂ ಬದಲಾಗುವುದಿಲ್ಲ.