ಸಲಹೆಗಾರನಿಗೆ ಸಂಬಳ ಕೊಡುವವರು ಯಾರು?

ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಹೊರಟ ನಮ್ಮ ಕಂಪನಿಯ ಸ್ಟೋರ್‌ಕೀಪರ್ ಒಬ್ಬರ ಸೇವಾಂತ್ಯದ ಲೆಕ್ಕವನ್ನು ಕಳೆದ ತಿಂಗಳು ನಾನೇ ಮಾಡಿದೆ. ಅವರು ಕುಂದಾಪುರ ಕಡೆಯವರು. ಮೂಲ ವೇತನ 4,000 ದಿರ್ಹಂ. ಯುಎಇ ಕಾನೂನಿನ ಪ್ರಕಾರ ಮೊದಲ 5 ವರ್ಷಗಳಿಗೆ ತಲಾ 21 ದಿನದ, ಆ ಬಳಿಕದ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. ಒಟ್ಟು 555 ದಿನ, ಅಂದರೆ 74,000 ದಿರ್ಹಂ. ಮನೆ ಭತ್ಯೆ, ಓವರ್‌ಟೈಮ್ ಈ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತು ವರ್ಷದ ದುಡಿಮೆಗೆ ಹದಿನೆಂಟೂವರೆ ತಿಂಗಳ ಮೂಲ ವೇತನ.

‘ಇಷ್ಟೇಯಾ ಸರ್?’ ಎಂದರು. ಆಮೇಲೆ ಬ್ಯಾಗಿನಿಂದ ಹೊಳೆಯುವ ಒಂದು ಕರಪತ್ರ ತೆಗೆದರು. ಯಾರೋ ಊರಿನವರೇ ಕೊಟ್ಟದ್ದಂತೆ. ಇಡೀ ಹಣವನ್ನು ಒಂದೇ ಪಾಲಿಸಿಗೆ ಹಾಕಿದರೆ ಜೀವನಪರ್ಯಂತ ನಿಶ್ಚಿಂತೆ ಎಂದು ಅದರಲ್ಲಿ ಬರೆದಿತ್ತು. ‘ಹಾಕಬಹುದಾ?’ ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನದೇ ಕಥೆಯನ್ನು ಅವರಿಗೆ ಹೇಳಬೇಕಾಯಿತು. ಇಲ್ಲಿಯೂ ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನಾನು ಇಂಥದ್ದೇ ಒಂದು 25 ವರ್ಷದ ಉಳಿತಾಯ ಯೋಜನೆಗೆ ಸಹಿ ಹಾಕಿದ್ದೆ. ತಿಂಗಳಿಗೆ 1,500 ದಿರ್ಹಂ. ಮಾರಿದವರು ಪರಿಚಿತರು, ನಮ್ಮ ಭಾಷೆಯವರು. ‘ನಾನಿದ್ದೇನಲ್ಲ ಮಾರಾಯ್ರೆ’ ಎಂದಿದ್ದರು. ಹದಿನೆಂಟು ತಿಂಗಳಾದ ಮೇಲೆ ಕಂಪನಿ ಸಂಬಳ ಕಡಿತ ಮಾಡಿತು, ಕಂತು ಕಟ್ಟಲಾಗಲಿಲ್ಲ. ಕಟ್ಟಿದ 27,000 ದಿರ್ಹಂ ವಾಪಸ್ ಕೇಳಿದಾಗ ಸರೆಂಡರ್ ಮೌಲ್ಯ ಸೊನ್ನೆ ಎಂಬ ಉತ್ತರ ಬಂತು. ಆರಂಭದ ಕಂತುಗಳೆಲ್ಲ ಶುಲ್ಕಕ್ಕೆ ಒತ್ತೆಯಾಗಿದ್ದವು. ಪತ್ರದಲ್ಲಿ ಅದೆಲ್ಲ ಬರೆದೇ ಇತ್ತು. ದಿನವಿಡೀ ಬೇರೆಯವರ ಲೆಕ್ಕ ಪರಿಶೀಲಿಸುವ ಚಾರ್ಟರ್ಡ್ ಅಕೌಂಟೆಂಟ್ ಆದ ನಾನು ಸ್ವಂತ ಹಣದ ವಿಷಯದಲ್ಲಿ ಕಾಗದ ಓದಲಿಲ್ಲ, ಮುಖ ನೋಡಿ ಸಹಿ ಹಾಕಿದೆ. ನಾಚಿಕೆಯಿಂದ ಎಷ್ಟೋ ವರ್ಷ ಮನೆಯಲ್ಲೂ ಹೇಳಿರಲಿಲ್ಲ.

ಗಲ್ಫ್ ದೇಶಗಳಲ್ಲಿ ದುಡಿಯುವ ನಮ್ಮಂಥವರಿಗೆ ತಿಂಗಳ ಪಿಂಚಣಿ ಎಂಬುದು ಸಾಮಾನ್ಯವಾಗಿ ಇಲ್ಲ. ಗ್ರಾಚ್ಯುಟಿ ಮತ್ತು ನಾವೇ ಕೂಡಿಟ್ಟದ್ದು, ಇವೆರಡೇ ಆಸರೆ. ಇಂದು 40,000 ರೂಪಾಯಿಯಲ್ಲಿ ತಿಂಗಳು ಸಾಗುವ ಮನೆಗೆ, ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 15 ವರ್ಷದ ಬಳಿಕ ಸುಮಾರು 96,000 ರೂಪಾಯಿ ಬೇಕು. ಹೀಗಾಗಿ ತಿಳಿದವರ ಸಲಹೆ ಪಡೆಯುವುದು ತಪ್ಪಲ್ಲ, ಅಗತ್ಯ. ಆದರೆ ಸಲಹೆಗಾರನನ್ನು ಆರಿಸುವಾಗ ನಾವು ಕೇಳಲೇಬೇಕಾದ, ಆದರೆ ಸಂಕೋಚದಿಂದ ಕೇಳದ ಪ್ರಶ್ನೆ ಒಂದಿದೆ: ನಿಮಗೆ ಹಣ ಕೊಡುವವರು ಯಾರು? ನಾನೋ, ನನಗೆ ಮಾರುವ ಕಂಪನಿಯೋ?

ಭಾರತದಲ್ಲಿ ಈ ವ್ಯತ್ಯಾಸವನ್ನು ಕಾನೂನೇ ಗುರುತಿಸಿದೆ. 2013ರಲ್ಲಿ ಜಾರಿಗೆ ಬಂದ ಸೆಬಿ ನಿಯಮಗಳಂತೆ ನೋಂದಾಯಿತ ಹೂಡಿಕೆ ಸಲಹೆಗಾರ ಗ್ರಾಹಕನಿಂದ ಶುಲ್ಕ ಪಡೆಯುತ್ತಾನೆ. ಸಲಹೆ ಕೊಟ್ಟ ಗ್ರಾಹಕನಿಗೇ ಕಮಿಷನ್‌ಗಾಗಿ ಏನನ್ನೂ ಮಾರುವಂತಿಲ್ಲ. ಅವನ ನೋಂದಣಿ ಸಂಖ್ಯೆ ‘ಐಎನ್‌ಎ’ ಅಕ್ಷರಗಳಿಂದ ಶುರುವಾಗುತ್ತದೆ. ‘ಎಆರ್‌ಎನ್’ ಸಂಖ್ಯೆ ಇರುವವರು ಮ್ಯೂಚುವಲ್ ಫಂಡ್ ವಿತರಕರು; ಅವರಿಗೆ ಫಂಡ್ ಕಂಪನಿ ಕಮಿಷನ್ ಕೊಡುತ್ತದೆ. ವಿಮಾ ಏಜೆಂಟರಿಗೆ ವಿಮಾ ಕಂಪನಿ ಕೊಡುತ್ತದೆ. ವಿತರಕರು, ಏಜೆಂಟರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರದೂ ಕಾನೂನುಬದ್ಧ ಕೆಲಸ, ನಿಷ್ಠೆಯಿಂದ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಅಂಗಡಿಯವನ ಬಳಿ ‘ಅಕ್ಕಿ ಕೊಳ್ಳಲೋ ಬೇಡವೋ’ ಎಂದು ಕೇಳಿದರೆ ಏನು ಉತ್ತರ ಬಂದೀತು?

‘ಬರೀ ಮಾತಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ’ ಎಂಬುದು ನಮ್ಮಲ್ಲಿ ಸಾಮಾನ್ಯ ಆಕ್ಷೇಪ. ಶುಲ್ಕ ಕೇಳಿದ ಕೂಡಲೇ ಎದ್ದು ಬರುತ್ತೇವೆ. ಆದರೆ ಪುಕ್ಕಟೆ ಸಲಹೆಯ ಬೆಲೆಯೂ ನಮ್ಮ ಹಣದಿಂದಲೇ ಕಳೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಹೂಡಿದರೆ, ವರ್ಷಕ್ಕೆ ಶೇ 10ರ ಗಳಿಕೆಯಲ್ಲಿ ಅದು ಸುಮಾರು 76 ಲಕ್ಷವಾಗುತ್ತದೆ. ಖರ್ಚಿನ ಹೆಸರಿನಲ್ಲಿ ಶೇ 1 ಹೋಗಿ ಗಳಿಕೆ ಶೇ 9ಕ್ಕೆ ಇಳಿದರೆ ಸಿಗುವುದು ಸುಮಾರು 67 ಲಕ್ಷ. ಆ ಒಂದು ಶೇಕಡಾ ನುಂಗಿದ್ದು 9 ಲಕ್ಷ. ಮ್ಯೂಚುವಲ್ ಫಂಡ್‌ಗಳಲ್ಲಿ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು 2013ರಿಂದಲೂ ಇವೆ. ಹಲವರಿಗೆ ಈಗಲೂ ಅದು ಗೊತ್ತಿಲ್ಲ.

ಇನ್ನೂ ಕೆಲವು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ನೋಂದಣಿ ಸಂಖ್ಯೆ ಏನು? ಉತ್ತರ ಸಿಕ್ಕ ಮೇಲೆ ಸೆಬಿ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಗಲ್ಫ್‌ನಲ್ಲಿ ಸಲಹೆ ಪಡೆಯುವುದಾದರೆ ಆ ದೇಶದ ನಿಯಂತ್ರಕ ಸಂಸ್ಥೆಯ ಪರವಾನಗಿ ಇದೆಯೇ ಪರಿಶೀಲಿಸಿ. ಎರಡು ವರ್ಷದಲ್ಲಿ ನನ್ನ ಕೆಲಸ ಹೋದರೆ, ಕಂತು ನಿಂತರೆ ಎಷ್ಟು ಕೈಗೆ ಬರುತ್ತದೆ? ಇದಕ್ಕೆ ಬಾಯಿಮಾತು ಸಾಲದು, ಬರಹದಲ್ಲಿ ಕೊಡಿ ಎನ್ನಿ. ಹಣ ಯಾರ ಹೆಸರಿಗೆ ಹೋಗುತ್ತದೆ? ಸಲಹೆಗಾರನ ಸ್ವಂತ ಖಾತೆಗೆ ಎಂದಾದರೆ ಅಲ್ಲಿಗೇ ಮಾತು ಮುಗಿಸಿ.

ಊರಿಗೆ ಮರಳುವವರ ತೆರಿಗೆ ವಿಷಯ ಅವನಿಗೆ ಗೊತ್ತಿದೆಯೇ ಎಂಬುದೂ ಮುಖ್ಯ. ಅನಿವಾಸಿಯಾಗಿರುವಾಗ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಇದೆ. ಶಾಶ್ವತವಾಗಿ ಮರಳಿದ ಮೇಲೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಆ ಬಳಿಕದ ಬಡ್ಡಿ ತೆರಿಗೆಗೆ ಒಳಪಡುತ್ತದೆ. ದೀರ್ಘಕಾಲ ಹೊರಗಿದ್ದು ಬಂದವರಿಗೆ ವಿದೇಶದ ಆದಾಯದ ಮೇಲೆ ಮೊದಲ ಎರಡು–ಮೂರು ವರ್ಷ ಸಾಮಾನ್ಯವಾಗಿ ರಿಯಾಯಿತಿಯೂ ಇರುತ್ತದೆ. ಇವನ್ನೆಲ್ಲ ಕೇಳದೆ, ನಿಮ್ಮ ಸಾಲ ಎಷ್ಟು, ಮಕ್ಕಳ ಓದು ಎಲ್ಲಿಗೆ ಬಂತು, ಅಪ್ಪ–ಅಮ್ಮನ ಔಷಧಿ ಖರ್ಚೆಷ್ಟು ಎಂದೂ ವಿಚಾರಿಸದೆ ಮೊದಲ ಭೇಟಿಯಲ್ಲೇ ಅರ್ಜಿ ನಮೂನೆ ಮುಂದಿಡುವವನು ಸಲಹೆಗಾರನಲ್ಲ.

ಈ ಲೇಖನವನ್ನು ಮುಖ್ಯವಾಗಿ ಊರಿನಲ್ಲಿರುವ ಕುಟುಂಬದವರಿಗಾಗಿ ಬರೆಯುತ್ತಿದ್ದೇನೆ. ದುಡಿಯುವವರು ಅಲ್ಲಿ, ಹಣದ ನಿರ್ಧಾರವೂ ಅವರದೇ ಎಂದು ನೀವು ಸುಮ್ಮನಿರುತ್ತೀರಿ. ಎಷ್ಟು ಪಾಲಿಸಿ ಇದೆ, ನಾಮಿನಿ ಯಾರು, ಕಾಗದ ಎಲ್ಲಿದೆ ಎಂಬುದು ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಿರುವುದಿಲ್ಲ. ಸಲಹೆಗಾರನ ಜತೆ ಮಾತನಾಡುವ ದಿನ ನೀವೂ ವಿಡಿಯೊ ಕರೆಯಲ್ಲಿ ಕುಳಿತುಕೊಳ್ಳಿ. ಅರ್ಥವಾಗದ್ದನ್ನು ಮತ್ತೆ ಕೇಳಿ. ನಿಮಗೆ ಕನ್ನಡದಲ್ಲಿ ಬಿಡಿಸಿ ಹೇಳಲಾಗದ ಯೋಜನೆಗೆ ಸಹಿ ಬೇಡ. ಈಗಾಗಲೇ ಭಾರತದಲ್ಲಿ ಜೀವವಿಮೆ ಪಾಲಿಸಿ ಕೊಂಡು ಮನಸ್ಸು ಬದಲಾಗಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಅದನ್ನು ಹಿಂದಿರುಗಿಸುವ ಅವಕಾಶವಿದೆ. ಸಣ್ಣ ಕಡಿತದ ನಂತರ ಹಣ ವಾಪಸ್ ಬರುತ್ತದೆ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವದ ಸಭಾಂಗಣದಲ್ಲಿ ವಿಮೆ, ನಿವೇಶನ, ಹೂಡಿಕೆಯ ಮಳಿಗೆಗಳಿಗೆ ಜಾಗ ಕೊಡುತ್ತೇವೆ. ಪ್ರಾಯೋಜಕರಿಲ್ಲದೆ ಕಾರ್ಯಕ್ರಮ ನಡೆಯದು ಎಂಬುದು ನನಗೂ ಗೊತ್ತು. ಆದರೆ ವೇದಿಕೆಯ ಪಕ್ಕದಲ್ಲಿ ನಿಂತವನನ್ನು ಜನ ಸಂಘದವನೇ ಎಂದು ನಂಬುತ್ತಾರೆ. ನನ್ನನ್ನು ನಂಬಿಸಿದ್ದೂ ಅಂಥದ್ದೇ ಒಂದು ಪರಿಚಯ. ವರ್ಷಕ್ಕೆ ಒಂದು ಸಂಜೆಯಾದರೂ ಏನನ್ನೂ ಮಾರದ, ಶುಲ್ಕ ಮಾತ್ರ ಪಡೆಯುವ ಸಲಹೆಗಾರರನ್ನು ಕರೆಸಿ, ಆ ಶುಲ್ಕವನ್ನು ಸಂಘವೇ ಭರಿಸಲಿ. ಲೇಬರ್ ಕ್ಯಾಂಪ್‌ಗಳಲ್ಲಿ ಇರುವ ನಮ್ಮವರಿಗೆ ಬಸ್ ವ್ಯವಸ್ಥೆ ಮಾಡಿ ಕರೆತರಲಿ. ಸನ್ಮಾನದ ಒಂದು ಶಾಲು ಕಡಿಮೆಯಾದರೂ ಪರವಾಗಿಲ್ಲ.

ಸ್ಟೋರ್‌ಕೀಪರ್ ಆ ಸಂಜೆಯೇ ಹೆಂಡತಿಗೆ ಕರೆ ಮಾಡಿ, ಕರಪತ್ರವನ್ನು ಕ್ಯಾಮೆರಾ ಮುಂದೆ ಹಿಡಿದರಂತೆ. ಅವರು ಕೇಳಿದ್ದು ಒಂದೇ ಮಾತು: ‘ಇದ್ರಲ್ಲಿ ಕೊಡುವವ್ರಿಗೆ ಎಷ್ಟು ಸಿಕ್ತದೆ?’ ಮರುದಿನ ಅದನ್ನೇ ಏಜೆಂಟರನ್ನು ಕೇಳಿದಾಗ, ‘ಅದೆಲ್ಲ ನಿಮಗೆ ಯಾಕೆ?’ ಎಂಬ ಉತ್ತರ ಬಂತು. ಸದ್ಯಕ್ಕೆ ಹಣ ಬ್ಯಾಂಕ್ ಠೇವಣಿಯಲ್ಲಿದೆ. ಊರಿಗೆ ಹೋದ ಮೇಲೆ ಇಬ್ಬರೂ ಕೂತು ನಿಧಾನವಾಗಿ ನಿರ್ಧರಿಸುತ್ತಾರೆ. ಅವಸರವಿರುವುದು ಮಾರುವವರಿಗೆ, ನಮಗಲ್ಲ.