ಬಜರ್ ಬಾಯಿ ಮುಚ್ಚಿಸೋದು ರಿಪೇರಿ ಅಲ್ಲ

ಇವತ್ತು ಬೆಳೆ ಸುದ್ದಿ ಅಲ್ಲ, ಬೆಳೆ ಹೊತ್ಕೊಂಡು ಹೋಗೋ ಲಾರಿ ಸುದ್ದಿ.

ಮೊನ್ನೆ ನಮ್ಮ ಕಣದಲ್ಲಿ ಟ್ರೇಲರ್ ಲಾರಿಗೆ ಮೆಕ್ಕೆಜೋಳ ತುಂಬಿಸಿದ್ವಿ. ನಾಮಕ್ಕಲ್‌ನ ಕೋಳಿ ಫೀಡ್ ಮಿಲ್ಲಿಗೆ ಹೋಗೋ ಮಾಲು. ತಾಡಪಾಲು ಹೊದಿಸಿ, ಹಗ್ಗ ಬಿಗಿದು, ಇನ್ನೇನು ಡಾಂಬರು ರಸ್ತೆ ಹತ್ತಬೇಕು, ಕೂಲೆಂಟ್ ದೀಪ ಕೆಂಪಗೆ ಹತ್ತಿ ಬಜರ್ ಕೂಗೋಕೆ ಶುರುವಾಯ್ತು. ಮೋಡ ಬೇರೆ ಕಟ್ಟಿತ್ತು. "ಟೆಂಪರೇಚರ್ ಮುಳ್ಳು ಕೆಳಗೇ ಐತಲ್ಲಣ್ಣ, ಸೆನ್ಸಾರ್ ವೈರ್ ಕಿತ್ತು ಹೊರಡು" ಅಂದೆ. ಡ್ರೈವರ್ ಮಾತಾಡದೆ ಎಂಜಿನ್ ಆಫ್ ಮಾಡಿ, ನೆರಳಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಂಡ. ನನಗೆ ಮೈ ಉರೀತು.

ಆಮೇಲೆ ಆತ ಹೇಳಿದ್ದು ಒಂದೇ ಮಾತು: "ಮುಳ್ಳು ತೋರಿಸೋದು ನೀರಿನ ಬಿಸಿ. ನೀರೇ ಇಲ್ಲದಿದ್ರೆ ಏನು ತೋರಿಸುತ್ತೆ?"

ಹೌದಲ್ವಾ! ಸೆನ್ಸಾರ್ ಮುಳುಗೋಷ್ಟು ಕೂಲೆಂಟ್ ಇಲ್ಲದಿದ್ರೆ ಎಂಜಿನ್ ಬೇಯ್ತಾ ಇದ್ರೂ ಮುಳ್ಳು ಸುಮ್ಮನಿರಬಹುದು. ಅದಕ್ಕೇ ಮಟ್ಟಕ್ಕೆ ಬೇರೆ ಸೆನ್ಸಾರ್, ಬೇರೆ ಎಚ್ಚರಿಕೆ ಇಟ್ಟಿರೋದು.

ಆತ ನೋಡಿದ ಕ್ರಮ ಬರೀತೀನಿ. ಟ್ರ್ಯಾಕ್ಟರ್ ಇರೋರಿಗೂ ಉಪಯೋಗಕ್ಕೆ ಬರುತ್ತೆ.

ಎಂಜಿನ್ ಪೂರ್ತಿ ಆರೋವರೆಗೂ ಮುಚ್ಚಳ ಮುಟ್ಟಬಾರದು. ಒಳಗಿನ ಒತ್ತಡಕ್ಕೆ ಕುದಿಯೋ ನೀರು ಮುಖಕ್ಕೆ ಹಾರುತ್ತೆ. ಆರಿದ ಮೇಲೆ ಟ್ಯಾಂಕಿನ ಮಟ್ಟ ನೋಡಬೇಕು. ಮಟ್ಟ ಸರಿ ಇದ್ದೂ ಕೂಗಿದ್ರೆ ಸೆನ್ಸಾರ್ ಕನೆಕ್ಟರ್‌ನಲ್ಲಿ ಧೂಳೋ ನೀರೋ ಸೇರಿರಬಹುದು, ಇಲ್ಲಾ ಲಾರಿ ವಾಲಿ ನಿಂತಿರಬಹುದು. ಮಟ್ಟ ಇಳಿದಿದ್ರೆ ಅದು ಎಲ್ಲಿಗೋ ಹೋಗಿರಲೇಬೇಕು. ಹೋಸ್ ಪೈಪು, ಅದರ ಕ್ಲಿಪ್ಪು, ವಾಟರ್ ಪಂಪ್ ಕೆಳಭಾಗ, ರೇಡಿಯೇಟರ್ ಎಲ್ಲಾ ನೋಡಿ. ಒಣಗಿದ ಕೂಲೆಂಟ್ ಬಣ್ಣದ ಕಲೆ ಬಿಟ್ಟಿರುತ್ತೆ. ಹೊರಗೆಲ್ಲೂ ಸೋರಿಲ್ಲ, ಆದ್ರೆ ಆಯಿಲ್ ಹಾಲು ಬೆರೆಸಿದ ಹಾಗಿದೆ, ಬಿಳಿ ಹೊಗೆ ನಿಲ್ತಿಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಗ ಓಡಿಸಲೇಬೇಡಿ, ಮೆಕ್ಯಾನಿಕ್ ಕರೆಸಿ. ಮಟ್ಟ ಸರಿ ಇದ್ದು ಬಿಸಿ ಏರಿದ್ರೆ ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ರೇಡಿಯೇಟರಿಗೆ ಕಚ್ಚಿದ ಹೊಟ್ಟು ನೋಡಿ.

ನಮ್ಮ ಲಾರೀಲಿ ಕೆಳಗಿನ ಹೋಸ್ ಕ್ಲಿಪ್ ಸಡಿಲ ಆಗಿತ್ತು. ಬಿಗಿದ, ಕೂಲೆಂಟ್ ಹಾಕಿದ, ಎಂಜಿನ್ ಓಡಿಸಿ ಮತ್ತೆ ಮಟ್ಟ ನೋಡಿದ. ಬಜರ್ ತಾನೇ ನಿಂತಿತು. ಹೋಗಿದ್ದು ಒಂದೂವರೆ ತಾಸು. ನಾಲ್ಕು ಹನಿ ಮಳೆಯೂ ಬಿತ್ತು. ಒಂದು ಚೀಲವೂ ನೆನೀಲಿಲ್ಲ.

ನಾನು ಬೋರ್‌ವೆಲ್ ನೀರು ತರೋಕೆ ಬಿಂದಿಗೆ ಎತ್ತಿದ್ದೆ, ಬೇಡ ಅಂದ. ನಮ್ಮ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು ಸುಮಾರು 107 ಡಿಗ್ರಿವರೆಗೂ ಕುದಿಯಲ್ಲ, ತುಕ್ಕನ್ನೂ ತಡೆಯುತ್ತೆ. ದಾರಿ ಮಧ್ಯೆ ಗತಿ ಇಲ್ಲದೆ ಬರೀ ನೀರು ಹಾಕಿದ್ರೂ ಆಮೇಲೆ ಬದಲಾಯಿಸಬೇಕು. ಇನ್ನೊಂದು, ಚೆಲ್ಲಿದ ಕೂಲೆಂಟ್ ತೊಳೆದುಬಿಡಿ. ಅದು ಸಿಹಿ ವಿಷ, ನಾಯಿ ಕರು ನೆಕ್ಕಿದ್ರೆ ಉಳಿಯೋದು ಕಷ್ಟ.

ಅವತ್ತು ನನಗೆ ನಾಚಿಕೆ ಆಗಿದ್ದಕ್ಕೆ ಕಾರಣ ಇದೆ. ಹಿಂದೊಮ್ಮೆ ರೋಟವೇಟರ್ ಹೊಡೀವಾಗ ನನ್ನ ಟ್ರ್ಯಾಕ್ಟರ್ ದೀಪ ತೋರಿಸಿತ್ತು. "ಇನ್ನೆರಡು ಸಾಲು" ಅಂತ ಹೊಡೆದೆ. ಹೆಡ್ ಕೆಲಸಕ್ಕೆ ಎರಡು ಕುರಿ ಮಾರಿದೆ. ಅಷ್ಟು ದುಡ್ಡು ಕೊಟ್ಟು ಕಲಿತ ಪಾಠಾನ, ಮೋಡ ಕಂಡ ತಕ್ಷಣ ಇನ್ನೊಬ್ಬರ ಲಾರಿ ಅಂತ ಮರೆತುಬಿಟ್ಟೆ.

ನನ್ನ ಅಭಿಪ್ರಾಯ ಇಷ್ಟೇ. ವೈರ್ ಕೀಳೋ ಡ್ರೈವರನ್ನ ಬೈಯೋದು ಸುಲಭ. ಆದ್ರೆ ಅವನ ಬೆನ್ನ ಹಿಂದೆ ನಿಂತು "ಹೊರಡು ಹೊರಡು" ಅನ್ನೋರು ಮಾಲು ತುಂಬಿಸಿದ ನಾವು, ಕಾಯಿಸಿದ್ರೆ ಬಾಡಿಗೆ ಮುರಿಯೋ ದಲ್ಲಾಳಿ. ರಾತ್ರಿ ಘಾಟಿನಲ್ಲಿ ಎಂಜಿನ್ ಹಿಡಕೊಂಡ್ರೆ ಒಬ್ಬನೇ ನಿಲ್ಲೋನು ಅವನು. ಮುಂದಿನ ಸಲ ನಿಮ್ಮ ಕಣದಲ್ಲಿ ಬಜರ್ ಕೂಗಿದ್ರೆ, ಡ್ರೈವರಿಗೆ ಒಂದು ಲೋಟ ಟೀ ಕೊಟ್ಟು ಕಾಯಿರಿ.