ಕನ್ಸೋಲ್ ಎಣಿಸಿ ಆಟ ಮಾರುವವರ ತ್ರೈರಾಶಿಕ

ಐದು ಪುಸ್ತಕಕ್ಕೆ ಇಷ್ಟು ರೂಪಾಯಿಯಾದರೆ ಹದಿನೈದಕ್ಕೆ ಎಷ್ಟು? ತ್ರೈರಾಶಿಕ ನಾವು ವರ್ಷವರ್ಷವೂ ಕಲಿಸುವ ಲೆಕ್ಕ. ಅದಕ್ಕೊಂದು ಶರತ್ತು ಉಂಟು, ಎಲ್ಲ ಪುಸ್ತಕದ ಬೆಲೆಯೂ ಒಂದೇ ಆಗಿರಬೇಕು. ಈ ಶರತ್ತನ್ನು ಮರೆತ ಕೋಟು ಟೈ ಪಂಡಿತರು ವಿಡಿಯೋ ಗೇಮ್ ವ್ಯಾಪಾರದಲ್ಲಿ ತುಂಬಾ ಮಂದಿ ಇದ್ದಾರೆ. "ಈ ಕನ್ಸೋಲ್ ಇಷ್ಟು ಕೋಟಿ ಮಾರಾಟವಾಗಿದೆ, ನೂರಕ್ಕೆ ಐದು ಮಂದಿ ಕೊಂಡರೂ ನಮ್ಮ ಆಟ ಇಷ್ಟು ಲಕ್ಷ ಹೋಗುತ್ತದೆ"... ಇದೇ ಅವರ ಪಂಚಾಂಗ!

ನಮಗೇಕೆ ಈ ಉಸಾಬರಿ ಎನ್ನಬೇಡಿ. ನಮ್ಮ ಕನ್ನಡ ಶಾಲೆಯಲ್ಲಿ ಕಲಿತ ಒಂದಿಬ್ಬರು ಬೆಂಗಳೂರಿನಲ್ಲಿ ಕೂತು ಇಂಥ ಆಟಗಳಿಗೆ ಚಿತ್ರ ಬಿಡಿಸುತ್ತಿದ್ದಾರೆ. ಪಂಡಿತರ ಲೆಕ್ಕ ತಪ್ಪಿದರೆ ಮನೆಗೆ ಹೋಗುವವರು ಪಂಡಿತರಲ್ಲ, ಚಿತ್ರ ಬಿಡಿಸಿದವರು.

2024ನ್ನೇ ನೋಡಿ. ಸೋನಿ ಆ ವರ್ಷ ಪ್ಲೇಸ್ಟೇಷನ್ 5 ಮತ್ತು ಕಂಪ್ಯೂಟರಿಗೆ ಎರಡು ಆಟ ತಂದಿತು. ಎರಡಕ್ಕೂ ಅಮೆರಿಕದಲ್ಲಿ ಬೆಲೆ ಒಂದೇ, ಸುಮಾರು 40 ಡಾಲರ್. ಎರಡೂ ಹಲವರು ಸೇರಿ ಗುಂಡು ಹಾರಿಸುವ ಆಟಗಳೇ. ಫೆಬ್ರವರಿಯಲ್ಲಿ ಬಂದ ಹೆಲ್‌ಡೈವರ್ಸ್ 2 ಹನ್ನೆರಡು ವಾರದಲ್ಲಿ 1.2 ಕೋಟಿ ಪ್ರತಿ ಮಾರಾಟವಾಯಿತು. ಆಗಸ್ಟ್ 23ಕ್ಕೆ ಬಂದ ಕಾಂಕಾರ್ಡ್ ಅನ್ನು ಸೆಪ್ಟೆಂಬರ್ 6ಕ್ಕೆ ನಿಲ್ಲಿಸಿ, ಕೊಂಡವರಿಗೆ ಹಣ ವಾಪಸ್ ಕೊಟ್ಟರು. ಅಕ್ಟೋಬರಿನಲ್ಲಿ ಅದನ್ನು ಮಾಡಿದ ಫೈರ್‌ವಾಕ್ ಸ್ಟುಡಿಯೋವನ್ನೇ ಮುಚ್ಚುವುದಾಗಿ ಹೇಳಿದರು. ಈ ನಡುವೆ ಕನ್ಸೋಲುಗಳ ಸಂಖ್ಯೆ ಇಳಿದಿತ್ತೇ? ಇಲ್ಲ ಸ್ವಾಮೀ, ಏರಿ 6 ಕೋಟಿ ದಾಟಿತ್ತು! ಹಾಗಾದರೆ ಆ ಸಂಖ್ಯೆ ನಮಗೆ ಹೇಳಿದ್ದಾದರೂ ಏನು?

ಒಡೆಯರು ಬೇರೆ ಬೇರೆ, ರುಚಿಯೂ ಬೇರೆ, ಆಟವೂ ಬೇರೆ ಎಂದು ಅವರು ವಾದಿಸಬಹುದು. ಸರಿ, ಒಂದೇ ಆಟದ ಸರಣಿಯನ್ನು ಹಿಡಿಯೋಣ. ನಿಂಟೆಂಡೋ ಕಂಪೆನಿಯ ವೀ 10.16 ಕೋಟಿ ಹೋಯಿತು, ಅದರ ಮಾರಿಯೋ ಕಾರ್ಟ್ 3.7 ಕೋಟಿ. ಅಂದರೆ ನೂರಕ್ಕೆ 37. ಮುಂದಿನ ಕನ್ಸೋಲ್ ವೀ ಯು ಸೋತುಹೋಯಿತು, ಮಾರಾಟವಾದದ್ದು 1.36 ಕೋಟಿ ಮಾತ್ರ. ತ್ರೈರಾಶಿಕ ಹಾಕಿದರೆ 2014ರ ಮಾರಿಯೋ ಕಾರ್ಟ್ 8ಕ್ಕೆ ಬರುವ ಉತ್ತರ 50 ಲಕ್ಷ. ನಿಜಕ್ಕೂ ಹೋದದ್ದು 84 ಲಕ್ಷಕ್ಕೂ ಹೆಚ್ಚು, ನೂರಕ್ಕೆ 62! ಇನ್ನು ಆ 62ನ್ನೇ ನಂಬಿ ಸ್ವಿಚ್‌ಗೆ ಲೆಕ್ಕ ಹಾಕಿ. ಸ್ವಿಚ್ 15 ಕೋಟಿ ದಾಟಿದೆ, ಆಟ 9 ಕೋಟಿ ಮೀರಬೇಕಿತ್ತು. ಆದದ್ದು ಸುಮಾರು 7 ಕೋಟಿ. ಮೂರು ಕನ್ಸೋಲಿಗೆ ಮೂರು ಉತ್ತರ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾವು ಸೊನ್ನೆ ಕೊಡುತ್ತೇವೆ.

ಕಾರಣ ಗುಟ್ಟಿನದ್ದೇನಲ್ಲ. ಸೋತ ಕನ್ಸೋಲನ್ನು ಕೊಂಡವರು ನಿಂಟೆಂಡೋ ಭಕ್ತರು, ಮಾರಿಯೋಗಾಗಿಯೇ ಕೊಂಡವರು. ಗೆದ್ದ ಕನ್ಸೋಲನ್ನು ಅಜ್ಜ ಅಜ್ಜಿಯರೂ ಕೊಂಡಿರುತ್ತಾರೆ. ವೀ ಜತೆ ಬಂದ ಬೌಲಿಂಗ್ ಆಡಿ ಅದನ್ನು ಬದಿಗಿಟ್ಟವರಿಗೆ ಇನ್ನೊಂದು ಆಟ ಮಾರುವುದು ಸುಲಭವೇ ಮಾರಾಯ್ರೆ? ಇಷ್ಟೊಂದು ಮನೆಯಲ್ಲಿ ವೀ ಇದೆಯಲ್ಲ ಎಂದು 2009ರಲ್ಲಿ ರಕ್ತ ಹರಿಸುವ ಮ್ಯಾಡ್‌ವರ್ಲ್ಡ್ ತಂದ ಸೇಗಾ ಅಂದುಕೊಂಡಷ್ಟು ಮಾರಲಿಲ್ಲ.

ಕೆಲವೊಮ್ಮೆ ಎತ್ತು ಬಂಡಿಯ ಹಿಂದೆ ಅಲ್ಲ, ಮುಂದೆಯೇ ಇರುತ್ತದೆ ಎಂಬುದೂ ಇವರಿಗೆ ಕಾಣುವುದಿಲ್ಲ. 2017ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಸ್ವಿಚ್ ಮಾರಾಟವಾದದ್ದು 9.06 ಲಕ್ಷ, ಅದರ ಝೆಲ್ಡಾ ಆಟ 9.25 ಲಕ್ಷ! ಕನ್ಸೋಲ್ ಕೈಗೆ ಸಿಗುವ ಮೊದಲೇ ಆಟ ಕೊಂಡವರಿದ್ದರು. ಅಲ್ಲಿ ಆಟವೇ ಕನ್ಸೋಲನ್ನು ಎಳೆಯಿತು.

ಇನ್ನು ಆ 'ಕೇವಲ ನೂರಕ್ಕೆ ಐದು' ಎಂಬ ಸವಿಮಾತು. ಕೇಳಲು ಎಷ್ಟು ವಿನಯ! ಪ್ಲೇಸ್ಟೇಷನ್ 2 ಹದಿನೈದೂವರೆ ಕೋಟಿಗೂ ಹೆಚ್ಚು ಮಾರಿದ ಯಂತ್ರ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಿದ ಆಟ ಗ್ರ್ಯಾಂಡ್ ಥೆಫ್ಟ್ ಆಟೋ: ಸಾನ್ ಆಂಡ್ರಿಯಾಸ್, ಸುಮಾರು 1.73 ಕೋಟಿ. ಎಂದರೆ ನೂರಕ್ಕೆ ಹನ್ನೊಂದು. ಮೊದಲ ರ‍್ಯಾಂಕಿನವನಿಗೇ ಹನ್ನೊಂದು ಸಿಕ್ಕಿರುವಾಗ ನಿನ್ನೆ ಶಾಲೆಗೆ ಸೇರಿದವನಿಗೆ ಐದು ಬರೆದುಕೊಳ್ಳುವುದು ಯಾವ ನ್ಯಾಯ? ಅದೂ ಅಲ್ಲದೆ ಆ ಹದಿನೈದೂವರೆ ಕೋಟಿ 2000ದಿಂದ ಹತ್ತು ಹನ್ನೆರಡು ವರ್ಷದ ಒಟ್ಟು ಮೊತ್ತ. ಅದರಲ್ಲಿ ಕೆಟ್ಟದ್ದೂ ಸೇರಿದೆ, ಕೆಟ್ಟದ್ದರ ಬದಲಿಗೆ ಕೊಂಡದ್ದೂ ಸೇರಿದೆ, ಅಟ್ಟಕ್ಕೆ ಹೋದದ್ದೂ ಸೇರಿದೆ. ದಾಖಲಾತಿ ಪುಸ್ತಕವನ್ನೇ ಹಾಜರಿ ಪುಸ್ತಕ ಎಂದು ಓದಿದ ಹಾಗಾಯಿತು. ಬಿಸಿಯೂಟಕ್ಕೆ ಅಕ್ಕಿ ಅಳೆಯುವಾಗ ನಮ್ಮಲ್ಲಿ ಯಾರೂ ಈ ತಪ್ಪು ಮಾಡುವುದಿಲ್ಲ.

ಸಂಖ್ಯೆಯಿಂದ ಉಪಯೋಗವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಎಷ್ಟು ಎತ್ತರಕ್ಕೆ ಹೋಗಬಹುದು ಎಂಬ ಮಾಡನ್ನು ಅದು ತೋರಿಸುತ್ತದೆ, ಅಷ್ಟೇ. ತಿಂಗಳಿಗೆ ಎಷ್ಟು ಮಂದಿ ಆಡುತ್ತಿದ್ದಾರೆ ಎಂಬುದನ್ನು ಸೋನಿ ತಾನೇ ತನ್ನ ತ್ರೈಮಾಸಿಕ ಲೆಕ್ಕದಲ್ಲಿ ಹೇಳುತ್ತದೆ, ವರ್ಷಕ್ಕೆ ಎಷ್ಟು ಮಂದಿ ಎಂದು ನಿಂಟೆಂಡೋವೂ ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿಯ ಸಂಜೆಯನ್ನು 2017ರಿಂದ ಪುಕ್ಕಟೆ ಸಿಗುವ ಫೋರ್ಟ್‌ನೈಟ್ ಈಗಾಗಲೇ ನುಂಗಿದೆ? ಎಷ್ಟು ಮಂದಿ ಕಳೆದ ವರ್ಷ ಹೊಸ ಆಟಕ್ಕೆ ಕಾಸು ಬಿಚ್ಚಿದ್ದಾರೆ? ನೂರು ಮಂದಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಇದನ್ನು ಕೇಳಿ, ಪಂಡಿತರೇ. ಸ್ಟುಡಿಯೋಕ್ಕೆ ಬೀಗ ಹಾಕಿದ ಮೇಲೆ ಅಲ್ಲ.